ಅಂಗಳಕ್ಕೆ ಬಿದ್ದ ಲೋಡು ಮಳೆಗೆ ಮುಂಚೆ ಸೌದೆಯಾಗಲಿ: ಚೈನ್‌ಸಾ ಹಿಡಿಯುವವರಿಗೆ 12 ಸೂತ್ರಗಳು

ಬೆಳಗ್ಗೆ ಆರೂವರೆಗೆ ಟ್ರ್ಯಾಕ್ಟರ್ ಬಂದು ಟ್ರೈಲರ್ ಎತ್ತಿ ಹೋಗಿದೆ. ಭದ್ರಾವತಿ ಪೇಪರ್ ಟೌನಿನ ನಿಮ್ಮ ಮನೆಯ ಮುಂದೆ ಹತ್ತಡಿ ಉದ್ದದ ನೀಲಗಿರಿ, ಅಕೇಶಿಯಾ ದಿಮ್ಮಿಗಳ ರಾಶಿ. ಅಪ್ಪ ಕುಯ್ಯುವವನಿಗೆ ಫೋನ್ ಮಾಡಿದ್ದಾರೆ. "ಮುಂದಿನ ವಾರ ನೋಡಣ" ಅಂದಿದ್ದಾನೆ. ಆ ಮುಂದಿನ ವಾರ ಮೇ ತಿಂಗಳವರೆಗೂ ಎಳೆಯಬಹುದು. ನಿಮಗೋ ಮಾಚೇನಹಳ್ಳಿಯಲ್ಲಿ ಶಿಫ್ಟು, ಇಲ್ಲವೇ ಐಟಿಐ ಪ್ರಾಕ್ಟಿಕಲ್ಸು. ಕೊಟ್ಟಿಗೆಯಲ್ಲಿ ಚೈನ್‌ಸಾ ಕೂತಿದೆ. "ನನ್ನ ಕೈಲಿ ಆಗುತ್ತಾ?" ಅಂತ ಮನಸ್ಸು ಕೇಳುತ್ತಿದೆ. ಆಗುತ್ತದೆ. ಆ ಪ್ರಶ್ನೆ ಬರೀ ಒಂದು ಚಟ. ಸರಿಯಾದ ಕ್ರಮ ಕಲಿತ ದಿನ ಅದು ಬಿಟ್ಟುಹೋಗುತ್ತದೆ.

ಮರವನ್ನು ಬೆಂಕಿಯಾಗಿಸುವ ಕೆಲಸ ಈ ಊರಿಗೆ ಹೊಸದಲ್ಲ. ಭದ್ರಾವತಿಯ ಹಳೆಯ ಹೆಸರೇ ಬೆಂಕಿಪುರ. 1923ರಲ್ಲಿ ಇಲ್ಲಿನ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಉರುವಲು ಮಲೆನಾಡಿನ ಕಟ್ಟಿಗೆಯಿಂದ ಮಾಡಿದ ಇದ್ದಿಲು. ಇದ್ದಿಲು ಮಾಡುವಾಗ ಏಳುವ ಹೊಗೆಯನ್ನೂ ವ್ಯರ್ಥ ಮಾಡದೆ ಅದರಿಂದ ಟಾರು, ಮೆಥನಾಲ್ ತೆಗೆದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಮುಂದೆ ಅದರ ತಿರುಳಿಗೆಂದು ಸುತ್ತಮುತ್ತ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಎದ್ದವು. ನಿಮ್ಮ ಅಂಗಳದ ರಾಶಿಯಲ್ಲೂ ಅದೇ ಜಾತಿಗಳಿವೆ. ಆ ಕಾರ್ಖಾನೆಗಳಲ್ಲಿ ದುಡಿದ ಯಾವ ಹಿರಿಯರನ್ನಾದರೂ ಮಾತಾಡಿಸಿ ನೋಡಿ, ಮಿಷನ್ ಆನ್ ಆಗುವ ಮುಂಚೆ ಅರ್ಧ ಕೆಲಸ ಮುಗಿದಿರಬೇಕು ಅನ್ನುತ್ತಾರೆ. ನಾನೂ ಅದನ್ನೇ ಹೇಳುತ್ತೇನೆ. ಕೆಳಗಿನ ಸೂತ್ರಗಳಲ್ಲಿ ಮೊದಲ ಏಳು ಎಂಜಿನ್ ಶಬ್ದ ಕೇಳುವ ಮುಂಚಿನವು.

1. ತಾರೀಕನ್ನು ಹಿಂದಿನಿಂದ ಲೆಕ್ಕ ಹಾಕಿ

ಜೂನ್ ಮೊದಲ ವಾರ ಮಳೆ ಅಂದುಕೊಳ್ಳಿ. ಅಷ್ಟರಲ್ಲಿ ಸೌದೆ ಒಣಗಿ ಸೂರಿನೊಳಗೆ ಸೇರಿರಬೇಕು. ಒಡೆದ ಸೌದೆಗೆ ಕನಿಷ್ಠ ಎರಡು ಮೂರು ತಿಂಗಳ ಬಿಸಿಲು ಬೇಕು. ಅಂದರೆ ಕುಯ್ಯುವ ಕೆಲಸ ಫೆಬ್ರವರಿಯಲ್ಲೇ ಶುರುವಾಗಲಿ, ಮಾರ್ಚ್ ಮಧ್ಯಕ್ಕೆ ಮುಗಿಯಲಿ. ಮನೆಯಲ್ಲಿ ಅಡಿಕೆ ಬೇಯಿಸುವವರಾದರೆ ಇನ್ನೂ ಬಿಗಿಯಾಗಿ ಲೆಕ್ಕ ಹಾಕಿ. ಸುಗ್ಗಿ ಶುರುವಾದ ಮೇಲೆ ಒಲೆ ದಿನಗಟ್ಟಲೆ ಉರಿಯುತ್ತದೆ. ಆಗ ಹಸಿ ಕಟ್ಟಿಗೆ ಊದುತ್ತಾ ಕೂತರೆ ಚೊಗರಿನ ಹಂಡೆ ಕಾಯುವುದಿಲ್ಲ, ಸುಲಿಯುವವರ ಕೂಲಿ ಮಾತ್ರ ಏರುತ್ತದೆ. ಕ್ಯಾಲೆಂಡರ್‌ನಲ್ಲಿ ನಾಲ್ಕು ಭಾನುವಾರಗಳಿಗೆ ರೌಂಡ್ ಹಾಕಿ. ಆ ನಾಲ್ಕು ದಿನ ಮದುವೆಗೂ ಇಲ್ಲ, ಮ್ಯಾಚಿಗೂ ಇಲ್ಲ.

2. ನೀರಿಗೆ ದುಡ್ಡು ಕೊಡಬೇಡಿ

ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ವೇ ಬ್ರಿಡ್ಜ್‌ನಲ್ಲಿ ತೂಗಿಸಿ 1 ಟನ್ ಹಸಿ ದಿಮ್ಮಿ ತಂದರೆ ಸುಮಾರು 500 ಕೆಜಿ ನೀರಿಗೆ ರೇಟು ಕೊಟ್ಟ ಹಾಗೆ. ಕಡಿದು ಎಷ್ಟು ದಿನ ಆಯಿತು ಅಂತ ಕೇಳಿ. ದಿಮ್ಮಿಯ ತುದಿ ನೋಡಿ. ಬಿರುಕು ಬಿಟ್ಟಿದ್ದರೆ ಒಣಗಲು ಶುರುವಾಗಿದೆ, ತುದಿ ನುಣ್ಣಗೆ ತೇವವಾಗಿದ್ದರೆ ಚೌಕಾಸಿ ಮಾಡಿ.

ಲೋಡು ಅಳೆಯಲು ಹಳೆಯ ಮರದ ವ್ಯಾಪಾರಿಗಳ ಲೆಕ್ಕ ಕಲಿಯಿರಿ. ದಿಮ್ಮಿಯ ನಡುವಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ. 2 ಅಡಿ ಸುತ್ತಳತೆಯ 10 ಅಡಿ ದಿಮ್ಮಿ ಎರಡೂವರೆ ಘನ ಅಡಿ. 4 ಅಡಿ ಸುತ್ತಳತೆಯದು ಪೂರಾ 10 ಘನ ಅಡಿ. ಸುತ್ತಳತೆ ಎರಡರಷ್ಟಾದರೆ ಮರ ನಾಲ್ಕರಷ್ಟು. ಇದು ಗೊತ್ತಿದ್ದವನಿಗೆ ಸಣ್ಣ ಕೋಲುಗಳನ್ನು ಮೇಲೆ ಪೇರಿಸಿ ಲೋಡು ತೋರಿಸಲು ಆಗುವುದಿಲ್ಲ.

ಇನ್ನೊಂದು ಮಾತು, ಇದರಲ್ಲಿ ರಾಜಿ ಬೇಡ. ಮರ ಎಲ್ಲಿಂದ ಬಂತು ಅನ್ನುವ ಕಾಗದ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಿಮ್ಮ ಸ್ವಂತ ಹಿತ್ತಲಿನ ಮರಕ್ಕೂ ಅನ್ವಯಿಸುತ್ತದೆ. ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ತೆಂಗಿನಂಥ ಕೆಲವು ಜಾತಿಗಳಿಗೆ ಕಡಿತಲೆ ಅನುಮತಿಯಿಂದ ವಿನಾಯಿತಿ ಇದೆ. ಬೇರೆ ಮರವಾದರೆ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಡಿ. ತೇಗ, ಬೀಟೆ, ಗಂಧದ ತುಂಡು ರಾಶಿಯಲ್ಲಿ ಕಂಡರೆ ಲೋಡನ್ನೇ ವಾಪಸ್ ಕಳಿಸಿ. ಶೆಟ್ಟಿಹಳ್ಳಿ, ಭದ್ರಾ ಅಭಯಾರಣ್ಯದೊಳಗೆ ಗಾಳಿಗೆ ಬಿದ್ದ ಮರವೂ ನಿಮ್ಮದಲ್ಲ. ಕೆಲಸಕ್ಕೆ ಅರ್ಜಿ ಹಾಕುತ್ತಿರುವ ವಯಸ್ಸಿನಲ್ಲಿ ಒಂದು ಅರಣ್ಯ ಕೇಸು ಹತ್ತಿಸಿಕೊಳ್ಳುವುದು ಯಾವ ಸೌದೆಗೂ ತಕ್ಕ ಬೆಲೆಯಲ್ಲ.

3. ಮನೆಗೆ ತಕ್ಕ ಮಿಷನ್ ಇಟ್ಟುಕೊಳ್ಳಿ

ಚೈನ್ ಓಡುವ ಬಾರ್ 16 ಇಂಚಿದ್ದರೆ ಸಾಕು. ದೊಡ್ಡ ಬಾರ್ ಅಂದರೆ ಹೆಚ್ಚು ಭಾರ, ಬೇಗ ಸುಸ್ತು. ಸುಸ್ತಾದ ಕೈ ತಪ್ಪು ಮಾಡುತ್ತದೆ. ಶಿವಮೊಗ್ಗದ ವಿನೋಬನಗರ, ಗೋಪಾಳದಂಥ ಒತ್ತೊತ್ತು ಬಡಾವಣೆಯಲ್ಲಿ ಇದ್ದೀರಾ? ಎಲೆಕ್ಟ್ರಿಕ್ ಚೈನ್‌ಸಾ ತೆಗೆದುಕೊಳ್ಳಿ. 2000 ವಾಟ್‌ನ ಮಿಷನ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ ಸಣ್ಣ ಪ್ಲಗ್ ಬೇಡ, 16 ಆಂಪಿಯರ್ ಸಾಕೆಟ್ ಬಳಸಿ, ದಪ್ಪ ತಂತಿಯ ಎಕ್ಸ್‌ಟೆನ್ಷನ್ ಹಾಕಿ. ವೈರ್ ಯಾವಾಗಲೂ ನಿಮ್ಮ ಬೆನ್ನ ಹಿಂದೆ ಇರಲಿ. ತೋಟದ ಮನೆಯಾದರೆ ಪೆಟ್ರೋಲ್ ಮಿಷನ್.

4. ಡ್ರೆಸ್ ಕೋಡ್ ಮುರಿಯಬೇಡಿ

ಇಂಟರ್‌ವ್ಯೂಗೆ ಇಸ್ತ್ರಿ ಮಾಡಿದ ಶರ್ಟ್ ಹಾಕುತ್ತೀರಿ. ಇಲ್ಲಿ ಅದಕ್ಕಿಂತ ಶಿಸ್ತು ಬೇಕು. ಲುಂಗಿ, ಪಂಚೆ, ಹವಾಯಿ ಚಪ್ಪಲಿ ಪೂರ್ತಿ ಬಂದ್. ಕಾಲಿಗೆ ಸೇಫ್ಟಿ ಶೂ, ಕಣ್ಣಿಗೆ ಗಾಗಲ್ಸ್, ಕಿವಿಗೆ ಇಯರ್ ಮಫ್, ಕೈಗೆ ಗ್ಲೌಸ್. ಪೆಟ್ರೋಲ್ ಮಿಷನ್ ನಿಮ್ಮ ಕಿವಿಯ ಹತ್ತಿರ 100 ಡೆಸಿಬಲ್ ದಾಟುತ್ತದೆ, ಹೋದ ಕಿವಿ ವಾಪಸ್ ಬರುವುದಿಲ್ಲ. ತೊಡೆಗೆ ಕಟ್ಟಿಕೊಳ್ಳುವ ಚೈನ್‌ಸಾ ಚಾಪ್ಸ್ ಸಿಗುತ್ತವೆ. ಒಳಗಿನ ಉದ್ದ ನೂಲುಗಳು ಚೈನಿಗೆ ಸುತ್ತಿಕೊಂಡು ಅದನ್ನು ತಕ್ಷಣ ನಿಲ್ಲಿಸುತ್ತವೆ. ಜೀನ್ಸ್ ಪ್ಯಾಂಟಿಗೆ ಆ ಶಕ್ತಿ ಇಲ್ಲ. ಮಿಷನ್ ಕೊಳ್ಳುವ ದಿನವೇ ಚಾಪ್ಸ್ ಕೂಡ ಬಿಲ್ ಮಾಡಿಸಿ, "ಆಮೇಲೆ ನೋಡೋಣ" ಅನ್ನಬೇಡಿ.

5. ದಿಮ್ಮಿಯನ್ನು ನೆಲದಿಂದ ಎತ್ತಿ

ಬಹಳ ಜನ ಇಲ್ಲೇ ಸೋಲುತ್ತಾರೆ. ರಾಶಿಯ ಮೇಲೆಯೇ ಹತ್ತಿ ನಿಂತು ಕುಯ್ಯಲು ಶುರುಮಾಡುತ್ತಾರೆ. ಒಂದು ತುಂಡಾದ ಕೂಡಲೇ ಪಕ್ಕದ ದಿಮ್ಮಿ ಉರುಳುತ್ತದೆ. ಹಾಗೆ ಮಾಡಬೇಡಿ. ಹಾರೆ ತೆಗೆದುಕೊಳ್ಳಿ, ಮೇಲಿನಿಂದ ಒಂದೊಂದೇ ದಿಮ್ಮಿ ಉರುಳಿಸಿ ಕೆಳಗಿಳಿಸಿ. ದಿಮ್ಮಿ ಉರುಳುವ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು, ನೀವೂ ಕೂಡ.

ನೆಲದ ಮೇಲೆ ಎರಡು ದಪ್ಪ ಕೋಲುಗಳನ್ನು ಅಡ್ಡ ಹಾಕಿ, ಅದರ ಮೇಲೆ ದಿಮ್ಮಿ ಮಲಗಿಸಿ. ಅತ್ತಿತ್ತ ಹೊರಳದಂತೆ ಮರದ ಬೆಣೆ ಕೊಡಿ. ಕಲ್ಲು ಕೊಡಬೇಡಿ. ನಮ್ಮ ಕಡೆಯ ಅಂಗಳಗಳಲ್ಲಿ ಜಂಬಿಟ್ಟಿಗೆ ಚೂರು, ಜಲ್ಲಿ ಎಲ್ಲ ಕಡೆ ಇರುತ್ತದೆ. ಓಡುವ ಚೈನು ಒಂದು ಸೆಕೆಂಡ್ ನೆಲಕ್ಕೆ ತಾಗಿದರೂ ಹಲ್ಲುಗಳೆಲ್ಲ ಮೊಂಡಾಗುತ್ತವೆ.

ಸಣ್ಣ ದಿಮ್ಮಿಗಳಿಗೆ ಎಕ್ಸ್ ಆಕಾರದ ಮರದ ಸ್ಟ್ಯಾಂಡ್ ಮಾಡಿಕೊಳ್ಳಿ. ಸೊಂಟದ ಎತ್ತರಕ್ಕಿಂತ ಸ್ವಲ್ಪ ಕೆಳಗಿರಲಿ. ದಿಮ್ಮಿಯ ತುದಿ ಸ್ಟ್ಯಾಂಡಿನಿಂದ ಒಂದು ತುಂಡಿನಷ್ಟು ಹೊರಗೆ ಚಾಚಿರಲಿ. ಕುಯ್ದ ತುಂಡು ಬೀಳುತ್ತದೆ, ದಿಮ್ಮಿಯನ್ನು ಮುಂದಕ್ಕೆ ತಳ್ಳುತ್ತೀರಿ, ಮತ್ತೆ ಕುಯ್ಯುತ್ತೀರಿ. ಹೊಸಬರಿಗೆ ಇದಕ್ಕಿಂತ ಸುಲಭದ ಪಾಠವಿಲ್ಲ. ಮೊದಲ ಭಾನುವಾರ ತೊಡೆಗಿಂತ ಸಣ್ಣ ಕೋಲುಗಳನ್ನು ಮಾತ್ರ ಹೀಗೆ ಕುಯ್ಯಿರಿ. ಇಪ್ಪತ್ತು ತುಂಡು ಆಗುವಷ್ಟರಲ್ಲಿ ಕೈಗೆ ಮಿಷನ್ನಿನ ಭಾಷೆ ಗೊತ್ತಾಗುತ್ತದೆ, "ಆಗುತ್ತಾ" ಅನ್ನುವ ಪ್ರಶ್ನೆ ಮರೆತೇ ಹೋಗಿರುತ್ತದೆ.

6. ಕುಯ್ಯುವ ಮುಂಚೆ ಗುರುತು ಹಾಕಿ

ಒಲೆಯ ಬಾಯಿ ಅಳೆಯಿರಿ. ಬಚ್ಚಲ ಹಂಡೆಯ ಒಲೆಗೆ 15 ಇಂಚು ಸಾಕಾದರೆ ಅಷ್ಟು ಉದ್ದದ ಒಂದು ಅಳತೆ ಕೋಲು ಮಾಡಿ, ಸೀಮೆಸುಣ್ಣದಿಂದ ದಿಮ್ಮಿಯುದ್ದಕ್ಕೂ ಗೆರೆ ಎಳೆಯಿರಿ. 10 ಅಡಿ ಅಂದರೆ 120 ಇಂಚು, 8 ತುಂಡು, 7 ಕಟ್. 16 ಇಂಚು ಹಿಡಿದರೆ 7 ತುಂಡಿನ ಮೇಲೆ 8 ಇಂಚಿನ ಮೋಟು ಉಳಿಯುತ್ತದೆ. ಒಂದಿಂಚಿನ ಯೋಚನೆ ಇಡೀ ಲೋಡಿನಲ್ಲಿ ಒಂದು ಬುಟ್ಟಿ ಮೋಟು ತಪ್ಪಿಸುತ್ತದೆ. ಪ್ರತಿ ಕಟ್‌ನಲ್ಲಿ ಸುಮಾರು 8 ಮಿಲಿಮೀಟರ್ ಮರ ಪುಡಿಯಾಗುತ್ತದೆ, ಹಾಗಾಗಿ ಕೊನೆಯ ತುಂಡು ಎರಡು ಇಂಚು ಗಿಡ್ಡ ಬಂದರೆ ಗಾಬರಿ ಬೇಡ. ಅಡಿಕೆ ಒಲೆಗಾದರೆ ಉದ್ದ ತುಂಡು ಬಿಡಿ, ಕಟ್ ಕಡಿಮೆ, ಪೆಟ್ರೋಲ್ ಉಳಿತಾಯ.

ಗುರುತು ಹಾಕುವಾಗಲೇ ಮರವನ್ನು ಓದಿ. ರಸ್ತೆ ಬದಿಯ ಮರವಾಗಿದ್ದರೆ ಬೋರ್ಡು ಹೊಡೆದ ಮೊಳೆ ಒಳಗೆ ಸೇರಿರುತ್ತದೆ. ಬೇಲಿಯ ಮರವಾಗಿದ್ದರೆ ಮುಳ್ಳುತಂತಿ ತೊಗಟೆಯೊಳಗೆ ಹುದುಗಿರುತ್ತದೆ. ತೊಗಟೆಯ ಮೇಲೆ ಕಪ್ಪು ಕಲೆ, ಗಂಟಿನಂಥ ಉಬ್ಬು ಕಂಡಲ್ಲಿ ಒಂದಡಿ ಬಿಟ್ಟು ಕುಯ್ಯಿರಿ. ತೆಂಗಿನ ಕಾಂಡ ಚೈನನ್ನು ಬೇಗ ತಿನ್ನುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಡಿಕೆ ಮರವಂತೂ ಕೊಡಲಿಗೇ ಚೆನ್ನಾಗಿ ಸೀಳುತ್ತದೆ, ಮಿಷನ್ ಯಾಕೆ?

7. ಅರ ಹಿಡಿಯಲು ಕಲಿಯಿರಿ

ಹನ್ನೆರಡರಲ್ಲಿ ಒಂದೇ ಸೂತ್ರ ನೆನಪಿಡುತ್ತೇನೆ ಅನ್ನುವುದಾದರೆ ಇದನ್ನು ಇಟ್ಟುಕೊಳ್ಳಿ. ಚೂಪು ಚೈನ್ ಇದ್ದರೆ ಮಿಷನ್ ತನ್ನ ಭಾರಕ್ಕೇ ಮರದೊಳಗೆ ಇಳಿಯುತ್ತದೆ. ನೀವು ಒತ್ತಬೇಕಾಗಿ ಬಂದರೆ ಚೈನ್ ಮೊಂಡಾಗಿದೆ ಎಂದೇ ಅರ್ಥ. ನೆಲಕ್ಕೆ ಬಿದ್ದ ಪುಡಿ ನೋಡಿ. ಅವಲಕ್ಕಿಯಂಥ ಚಕ್ಕೆ ಬಿದ್ದರೆ ಚೂಪು. ರಾಗಿಹಿಟ್ಟಿನಂತೆ ನುಣ್ಣಗೆ ಬಿದ್ದರೆ ಕೂಡಲೇ ನಿಲ್ಲಿಸಿ.

ರೌಂಡ್ ಫೈಲ್ ತರುವಾಗ ಚೈನಿನ ಸೈಜ್ ಹೇಳಿ. ಚೈನಿಗೆ ತಕ್ಕಂತೆ 4 ಅಥವಾ 4.8 ಮಿಲಿಮೀಟರ್ ದಪ್ಪದ ಅರ ಬೇಕಾಗುತ್ತದೆ. ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ, ಓದಿ. ಬಾರನ್ನು ವೈಸ್‌ಗೆ ಅಥವಾ ಮರದ ಸೀಳಿಗೆ ಬಿಗಿಯಿರಿ. ಪ್ರತಿ ಹಲ್ಲಿಗೆ ಸುಮಾರು 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ, ಎರಡು ಮೂರು ಸಲ ಉಜ್ಜಿ. ಎಳೆಯುವಾಗ ಅರ ಹಲ್ಲಿಗೆ ತಾಗಬಾರದು. ಎಲ್ಲ ಹಲ್ಲಿಗೂ ಒಂದೇ ಲೆಕ್ಕ. ಒಂದು ಬದಿಗೆ ಹೆಚ್ಚು ಉಜ್ಜಿದರೆ ಮಿಷನ್ ವಾಲಿ ಕುಯ್ಯುತ್ತದೆ, ತುಂಡಿನ ಮುಖ ಓರೆಯಾಗುತ್ತದೆ.

ಭದ್ರಾವತಿಯವರಿಗೆ ಒಂದು ಅನುಕೂಲ ಇದೆ. ನ್ಯೂ ಟೌನ್, ಜನ್ನಾಪುರದ ಬೀದಿಗಳಲ್ಲಿ ಕಾರ್ಖಾನೆಯ ನಿವೃತ್ತ ಫಿಟ್ಟರ್‌ಗಳಿದ್ದಾರೆ. ಮೂವತ್ತು ವರ್ಷ ಅರ ಹಿಡಿದ ಕೈ ಅವು. ಒಂದು ಸಂಜೆ ಹೋಗಿ, "ಸರ್, ಸ್ವಲ್ಪ ತೋರಿಸಿಕೊಡ್ತೀರಾ?" ಅನ್ನಿ. ಬೇಡ ಅನ್ನುವವರನ್ನು ನಾನು ಕಂಡಿಲ್ಲ. ಅರ ಹಿಡಿದ ಕೈಯ ಸಮತೋಲ, ಭುಜದ ನಡೆ ಯಾವ ವಿಡಿಯೋದಲ್ಲೂ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಬಿಗಿತವನ್ನೂ ನೋಡಿ. ಬಾರಿನ ಕೆಳಗೆ ಚೈನ್ ಜೋತುಬೀಳಬಾರದು, ಗ್ಲೌಸ್ ಹಾಕಿದ ಕೈಯಿಂದ ಎಳೆದರೆ ಸಲೀಸಾಗಿ ಓಡಬೇಕು. ಈ ಕೆಲಸ ಎಂಜಿನ್ ಆಫ್ ಇದ್ದಾಗ ಮಾತ್ರ.

8. ಪೆಟ್ರೋಲ್ ಮಿಶ್ರಣದಲ್ಲಿ ಅಂದಾಜು ಬೇಡ

ಆರ್‌ಎಕ್ಸ್ 100 ಓಡಿಸಿದ ಮಾವಂದಿರಿಗೆ 2ಟಿ ಆಯಿಲ್ ಗೊತ್ತು. ಚೈನ್‌ಸಾ ಎಂಜಿನ್ ಕೂಡ ಟೂ ಸ್ಟ್ರೋಕ್. ಮ್ಯಾನುಯಲ್ 50ಕ್ಕೆ 1 ಅಂದರೆ ಲೀಟರಿಗೆ 20 ಎಂಎಲ್, 25ಕ್ಕೆ 1 ಅಂದರೆ 40 ಎಂಎಲ್. ಔಷಧಿ ಅಳೆಯುವ ಮುಚ್ಚಳದಲ್ಲಿ ಅಳೆದು ಹಾಕಿ. ಆಯಿಲ್ ಕಮ್ಮಿಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ರಿಪೇರಿ ಬಿಲ್ ಹೊಸ ಮಿಷನ್ನಿನ ಹತ್ತಿರ ಬರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಮಿಶ್ರಣ ತಿಂಗಳಿಗಿಂತ ಹೆಚ್ಚು ಇಡಬೇಡಿ. ಮಿಷನ್ ತಣ್ಣಗಾದ ಮೇಲೆ ತುಂಬಿ, ತುಂಬಿದ ಜಾಗದಿಂದ ನಾಲ್ಕು ಹೆಜ್ಜೆ ದೂರ ಹೋಗಿ ಸ್ಟಾರ್ಟ್ ಮಾಡಿ. ಪೆಟ್ರೋಲ್ ತುಂಬಿದಾಗಲೆಲ್ಲ ಚೈನ್ ಆಯಿಲ್ ಕೂಡ ತುಂಬಿ.

9. ಬಾರಿನ ಮೂಗನ್ನು ಎಲ್ಲಿಗೂ ತಾಗಿಸಬೇಡಿ

ಬಾರಿನ ತುದಿಯ ಮೇಲಿನ ಕಾಲುಭಾಗ ಗಟ್ಟಿ ವಸ್ತುವಿಗೆ ತಾಗಿದರೆ ಮಿಷನ್ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆ ಚಿಮ್ಮುತ್ತದೆ. ಇದೇ ಕಿಕ್‌ಬ್ಯಾಕ್. ಅದು ಶುರುವಾದ ಮೇಲೆ ತಡೆಯುವ ವೇಗ ಯಾವ ಮನುಷ್ಯನಿಗೂ ಇಲ್ಲ, ಆಗದಂತೆ ನಿಲ್ಲುವುದೇ ದಾರಿ. ಮಿಷನ್ ನೆಲದ ಮೇಲಿಟ್ಟು, ಚೈನ್ ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬಲಗಾಲಿನ ಶೂ ಇಟ್ಟು ಸ್ಟಾರ್ಟ್ ಮಾಡಿ. ಎಡಗೈ ಮುಂದಿನ ಹಿಡಿಯಲ್ಲಿ, ಹೆಬ್ಬೆರಳು ಕೆಳಗಿನಿಂದ ಸುತ್ತಿರಲಿ. ಎರಡೂ ಕೈ, ಯಾವಾಗಲೂ. ಬಾರಿನ ನೇರಕ್ಕೆ ತಲೆ ತರಬೇಡಿ, ದೇಹ ಸ್ವಲ್ಪ ಎಡಕ್ಕಿರಲಿ. ಭುಜದ ಮಟ್ಟಕ್ಕಿಂತ ಮೇಲೆ ಕುಯ್ಯಬೇಡಿ. ಎರಡು ಹೆಜ್ಜೆ ನಡೆಯಬೇಕಾದರೂ ಬ್ರೇಕ್ ಹಾಕಿ. ಪಕ್ಕದ ದಿಮ್ಮಿಗೆ ತುದಿ ತಾಗುತ್ತದೆಯೇ ಅಂತ ಪ್ರತಿ ಕಟ್‌ಗೂ ಮುಂಚೆ ಆಚೆ ಬದಿ ಬಗ್ಗಿ ನೋಡಿ.

10. ಮರ ಎಲ್ಲಿ ಒತ್ತುತ್ತಿದೆ, ಎಲ್ಲಿ ಎಳೆಯುತ್ತಿದೆ ಅಂತ ಕೇಳಿ

ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳುತ್ತೇನೆ. ಎರಡು ತುದಿಗೂ ಆಸರೆ ಕೊಟ್ಟು ಮಲಗಿಸಿದ ದಪ್ಪ ನೀಲಗಿರಿ. ನಡುವೆ ಮೇಲಿನಿಂದ ನೇರ ಕುಯ್ಯುತ್ತಾ ಹೋದೆ. ಅರ್ಧಕ್ಕೆ ಬಂದಾಗ ದಿಮ್ಮಿ ಬಾಗಿ ಬಾರನ್ನು ಇಕ್ಕಳದಂತೆ ಕಚ್ಚಿತು. ಎಳೆದೆ, ಬರಲಿಲ್ಲ. ಜೋರಾಗಿ ಎಳೆದೆ, ಬಾರು ಸೊಟ್ಟಗಾಯಿತು. ಪಕ್ಕದ ಮನೆಯಿಂದ ಬೆಣೆ, ಸುತ್ತಿಗೆ ತಂದು ಸೀಳು ಅಗಲಿಸಿ ಬಿಡಿಸುವಷ್ಟರಲ್ಲಿ ಒಂದು ಗಂಟೆ ಹೋಗಿತ್ತು. ಹೊಸ ಬಾರಿನ ಖರ್ಚು ಬೇರೆ.

ನಿಯಮ ಎರಡೇ. ಎರಡೂ ತುದಿಗೆ ಆಸರೆ ಇದ್ದರೆ ಮೇಲ್ಭಾಗ ಒತ್ತುತ್ತಿರುತ್ತದೆ, ಕೆಳಭಾಗ ಎಳೆಯುತ್ತಿರುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಮಾತ್ರ ಕುಯ್ದು ನಿಲ್ಲಿಸಿ, ಉಳಿದದ್ದನ್ನು ಕೆಳಗಿನಿಂದ ಮುಗಿಸಿ. ಒಂದು ತುದಿ ಗಾಳಿಯಲ್ಲಿ ಚಾಚಿದ್ದರೆ ಲೆಕ್ಕ ತಿರುಗುಮುರುಗು. ದಪ್ಪ ದಿಮ್ಮಿಗೆ ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ, ಆಮೇಲೆ ಮೇಲಿನಿಂದ. ಕೆಳಗಿನಿಂದ, ಅಂದರೆ ಬಾರಿನ ಮೇಲಂಚಿನಿಂದ ಕುಯ್ಯುವಾಗ ಮಿಷನ್ ನಿಮ್ಮ ಕಡೆಗೆ ತಳ್ಳುತ್ತದೆ, ಕಾಲು ಅಗಲಿಸಿ ಗಟ್ಟಿ ನಿಲ್ಲಿ.

ನೆಲದಿಂದ ಎತ್ತಲು ಆಗದಷ್ಟು ದಪ್ಪದ ದಿಮ್ಮಿ ಇರುತ್ತದಲ್ಲ, ಅದಕ್ಕೂ ದಾರಿ ಇದೆ. ಎಲ್ಲ ಗುರುತುಗಳಲ್ಲೂ ಮೇಲಿನಿಂದ ಮುಕ್ಕಾಲು ಭಾಗ ಮಾತ್ರ ಕುಯ್ಯುತ್ತಾ ಹೋಗಿ. ಸೀಳು ಮುಚ್ಚತೊಡಗಿದರೆ ಬಾರಿನ ಹಿಂದೆ ಪ್ಲಾಸ್ಟಿಕ್ ಅಥವಾ ಮರದ ಬೆಣೆ ಹೊಡೆಯಿರಿ. ಆಮೇಲೆ ಮಿಷನ್ ಆಫ್ ಮಾಡಿ, ಹಾರೆಯಿಂದ ದಿಮ್ಮಿ ಹೊರಳಿಸಿ, ಉಳಿದ ಕಾಲುಭಾಗ ಮೇಲಿನಿಂದಲೇ ಮುಗಿಸಿ. ಚೈನು ಮಣ್ಣು ನೋಡುವುದೇ ಇಲ್ಲ.

11. ಟ್ಯಾಂಕ್‌ನ ಲೆಕ್ಕದಲ್ಲಿ ದುಡಿಯಿರಿ

ಟ್ಯಾಂಕ್ ಖಾಲಿಯಾದಾಗಲೆಲ್ಲ ಹತ್ತು ನಿಮಿಷ ಬ್ರೇಕ್. ನೀರು ಕುಡಿಯಿರಿ, ಚೈನಿಗೆ ಎರಡು ಸಲ ಅರ ಆಡಿಸಿ, ತುಂಡುಗಳನ್ನು ಕಾಲಡಿಯಿಂದ ಪಕ್ಕಕ್ಕೆ ಹಾಕಿ. ಬೆರಳು ಜುಮ್ ಅನ್ನುತ್ತಿದ್ದರೆ ಅಂದಿಗೆ ಸಾಕು, ಕಂಪನ ನರಕ್ಕೆ ಏಟು ಕೊಡುತ್ತದೆ. ಒಬ್ಬರೇ ಇರುವಾಗ ಮಿಷನ್ ಮುಟ್ಟಬೇಡಿ. ಕೂಗಿದರೆ ಕೇಳುವ ದೂರದಲ್ಲಿ ಯಾರಾದರೂ ಇರಲಿ, ಆದರೆ ಮಕ್ಕಳು ಅಂಗಳಕ್ಕೆ ಬರಬಾರದು. ಗಾಯವಾದರೆ ಶುಭ್ರ ಬಟ್ಟೆಯನ್ನು ಬಿಗಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ.

ನಿಮ್ಮ ಸೀಸನ್ನೇ ಪರೀಕ್ಷೆಯ ಸೀಸನ್ ಕೂಡ. ಪಕ್ಕದ ಮನೆಯಲ್ಲಿ ಸೆಕೆಂಡ್ ಪಿಯುಸಿ ಹುಡುಗಿ ಓದುತ್ತಿರುತ್ತಾಳೆ. ಹಿಂದಿನ ದಿನವೇ ಹೋಗಿ ಹೇಳಿ, ಅವಳ ಪೇಪರ್ ಇಲ್ಲದ ದಿನ, ಬೆಳಗ್ಗೆ ಒಂಬತ್ತರ ಮೇಲೆ ಶುರುಮಾಡಿ. ಅವಳ ಗೆಲುವಿಗೂ ನಿಮ್ಮ ಗೆಲುವಿಗೂ ಒಂದೇ ಬೀದಿ ಸಾಕಾಗಬೇಕು.

12. ಹಸಿಯಿರುವಾಗಲೇ ಒಡೆಯಿರಿ, ಗಾಳಿಗೆ ಪೇರಿಸಿ, ಆಮೇಲೆ ಸಂಪಾದಿಸಿ

ನೀಲಗಿರಿ ಒಣಗಿತೆಂದರೆ ಕೊಡಲಿಗೆ ಬಗ್ಗುವುದಿಲ್ಲ, ಅದರ ಎಳೆ ತಿರುಚಿಕೊಂಡಿರುತ್ತದೆ. ಕುಯ್ದ ವಾರದೊಳಗೇ ಸೀಳಿ. ನಡುವಿಗೆ ಹೊಡೆಯಬೇಡಿ, ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಬಿಡಿಸಿ. ಸಾಲು ಪೇರಿಸುವಾಗ ಕೆಳಗೆ ಕಲ್ಲು ಅಥವಾ ಅಡ್ಡ ಕೋಲು ಇಟ್ಟು ನೆಲದಿಂದ ಅರ್ಧ ಅಡಿ ಎತ್ತಿ. ಮೇಲೆ ಮಾತ್ರ ಜಿಂಕ್ ಶೀಟ್, ಬದಿಗಳು ತೆರೆದಿರಲಿ. ಟಾರ್ಪಾಲಿನಲ್ಲಿ ಪೂರ್ತಿ ಸುತ್ತಿದರೆ ಬೆವರಿ ಬೂಸ್ಟು ಹಿಡಿಯುತ್ತದೆ. ಎರಡು ತುಂಡು ಒಂದಕ್ಕೊಂದು ಬಡಿದಾಗ ಟಣ್ ಅಂದರೆ ಒಣಗಿದೆ, ದಪ್ ಅಂದರೆ ಇನ್ನೂ ಬಿಸಿಲು ಬೇಕು. ಮಳೆಗಾಲದಲ್ಲಿ ಸೌದೆ ತೆಗೆಯಲು ಹೋಗುವಾಗ ಟಾರ್ಚ್ ಹಿಡಿಯಿರಿ, ಗ್ಲೌಸ್ ಹಾಕಿ. ಚೇಳು, ಕೊಳಕುಮಂಡಲಕ್ಕೂ ಆ ಸಾಲು ಬೆಚ್ಚಗಿನ ಮನೆ.

ಮನೆಯ ಲೋಡು ಮುಗಿಸಿದ ಮೇಲೆ ನಿಮ್ಮ ಬೀದಿಯಲ್ಲಿ ನಿಮಗೇ ಆರ್ಡರ್ ಬರುತ್ತದೆ. ಒಪ್ಪಿಕೊಳ್ಳಿ, ಆದರೆ ರೇಟನ್ನು ಬಾಯಿಗೆ ಬಂದಂತೆ ಹೇಳಬೇಡಿ. ಒಂದು ನೋಟ್‌ಬುಕ್ ಇಡಿ. ಗಂಟೆಗೆ ಎಷ್ಟು ಪೆಟ್ರೋಲ್, ಎಷ್ಟು ಚೈನ್ ಆಯಿಲ್, ಒಂದು ಚೈನ್ ಎಷ್ಟು ಗಂಟೆ ಬಂತು, ಎಷ್ಟು ತುಂಡಾಯಿತು, ಎಲ್ಲ ಬರೆಯಿರಿ. ಅದರ ಮೇಲೆ ನಿಮ್ಮ ಕೂಲಿ, ಮಿಷನ್ನಿನ ಸವೆತ ಸೇರಿಸಿ ಗಂಟೆಯ ರೇಟು ಕಟ್ಟಿ. ಮುಂದಿನ ಜನವರಿಯಲ್ಲಿ ಅಡಿಕೆ ತೋಟದವರು ಫೋನ್ ಮಾಡಿದಾಗ "ನೋಡಣ" ಅನ್ನದೆ, ತಾರೀಕು ಮತ್ತು ರೇಟು ಎರಡನ್ನೂ ಒಂದೇ ಉಸಿರಿಗೆ ಹೇಳಿ.